ಉಳಿದಿದ್ದಾರೆ ಎಂದಿತು ನಿಮ್ಮ ಪುಟ

ವಾರಸುದಾರರಿಲ್ಲದ ಶವಗಳ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಅಕ್ಕನಿಗೆ ವಾರಸುದಾರರಿದ್ದೇವೆ. ಹೆತ್ತ ತಾಯಿ ಇದ್ದಾಳೆ, ಒಡಹುಟ್ಟಿದ ತಮ್ಮ ನಾನಿದ್ದೇನೆ. ಆದರೂ ನಿಮ್ಮ ಕಡತದಲ್ಲಿ ಅವಳ ಹೆಸರಿನ ಮುಂದೆ ‘ಮನೆಯವರು ಬಿಟ್ಟುಕೊಟ್ಟಿದ್ದಾರೆ’ ಎಂದು ಬರೆದು ಇಂದಿಗೆ ಹತ್ತೊಂಬತ್ತು ದಿನ. ನಾವು ಯಾರನ್ನೂ ಬಿಟ್ಟುಕೊಟ್ಟಿಲ್ಲ. ನಿಮ್ಮ ಪುಟವನ್ನು, ನೀವೇ ಹೇಳಿದ ಹಾಗೆ, ಬ್ರೌಸರ್ ಮೂಲಕ ಕನ್ನಡಕ್ಕೆ ತಿರುಗಿಸಿಕೊಂಡು ಓದಿದೆವು. ಅದರಲ್ಲಿದ್ದ ಒಂದು ಗುಂಡಿ ಒತ್ತಿದೆವು. ನಾವು ಮಾಡಿದ್ದು ಅಷ್ಟೇ. ಮೂವತ್ತು ದಿನ ತುಂಬಿದ ಮೇಲೆ ಅವಳನ್ನು ನಿಮ್ಮ ಊರಿನ ಸಾರ್ವಜನಿಕ ಸ್ಮಶಾನದಲ್ಲಿ ಒಂದು ಸಂಖ್ಯೆ ನೆಟ್ಟು ಹೂಳುತ್ತೀರಂತೆ. ಇನ್ನು ಹನ್ನೊಂದು ದಿನ ಉಳಿದಿವೆ. ಈ ‘ಉಳಿದಿವೆ’ ಎಂಬ ಪದವನ್ನು ನಾನು ಸರಿಯಾದ ಅರ್ಥದಲ್ಲಿಯೇ ಬರೆದಿದ್ದೇನೆ. ನಿಮ್ಮ ಪುಟ ಹಾಗೆ ಬರೆಯಲಿಲ್ಲ ಎಂಬುದೇ ನನ್ನ ದೂರು.

ನಾನು ಹೆಚ್ಚು ಓದಿದವನಲ್ಲ. ಪುಸ್ತಕಗಳಿಗೆ ರಟ್ಟು ಕಟ್ಟುವುದು ನನ್ನ ಕೆಲಸ. ಸಂಜೆ ಕೆಲಸ ಮುಗಿದ ಮೇಲೆ, ನಾನೇ ಹೊಲಿದುಕೊಂಡ ಒಂದು ಪುಸ್ತಕದಲ್ಲಿ ಆ ದಿನದ್ದು ಮೂರು ಸಾಲು ಬರೆದಿಡುವುದು ಅಭ್ಯಾಸ. ಅಧಿಕಾರಿಗಳಿಗೆ ಪತ್ರ ಬರೆದು ಗೊತ್ತಿಲ್ಲ. ತಪ್ಪಿದ್ದರೆ ಮನ್ನಿಸಿ. ನಿಮ್ಮ ತಪ್ಪನ್ನು ನಾವು ಮನ್ನಿಸುವುದೋ ಬಿಡುವುದೋ ಈ ಹನ್ನೊಂದು ದಿನಗಳಲ್ಲಿ ಗೊತ್ತಾಗುತ್ತದೆ.

ಅಕ್ಕ ಹನ್ನೆರಡು ವರ್ಷ ನಿಮ್ಮ ಊರಿನ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ದಿನಕ್ಕೆ ನೂರಾರು ಹಾಸಿಗೆ ಬಟ್ಟೆಗಳನ್ನು ಒಣಗಿಸಿ ಮಡಚುವುದು ಅವಳ ಕೆಲಸ. ಮೂಲೆಗೆ ಮೂಲೆ ಕೂರಿಸಿ ಮಡಚುವುದನ್ನು ನಾನು ಚಿಕ್ಕವನಿದ್ದಾಗ ಕಲಿಸಿದವಳು ಅವಳೇ. ಇವತ್ತು ನಾನು ಕಾಗದ ಮಡಚಿ ಅನ್ನ ತಿನ್ನುತ್ತಿರುವುದು ಆ ಪಾಠದಿಂದಲೇ. ಪ್ರತಿ ಭಾನುವಾರ ಫೋನ್ ಮಾಡಿದರೆ ಅವಳ ಮೊದಲ ಮಾತು, “ಅಮ್ಮಾ, ಮೊಣಕಾಲು ಏನಂತೆ? ಮಾತಾಡ್ತಿದೆಯಾ, ಮುನಿಸ್ಕೊಂಡಿದೆಯಾ?” ಅಮ್ಮ, “ನಿನ್ನ ಹಂಗೇ ಕಣೇ, ಕರೆದ ಕಡೆ ಬರಲ್ಲ,” ಎನ್ನುತ್ತಿದ್ದಳು. ಹನ್ನೆರಡು ವರ್ಷ ಇದೇ ಜೋಕು. ಇಬ್ಬರೂ ಪ್ರತಿ ವಾರ ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು.

ಒಂದು ಭಾನುವಾರ ಫೋನ್ ಬರಲಿಲ್ಲ. ಬುಧವಾರ ಅವಳ ಜೊತೆ ಕೆಲಸ ಮಾಡುವ ಹೆಂಗಸೊಬ್ಬಳು ಕರೆ ಮಾಡಿದಳು. ಅವಳ ಭಾಷೆ ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ಒಣಗಿಸುವ ಯಂತ್ರದ ಪಕ್ಕ ಅಕ್ಕ ಬಿದ್ದಳು, ಎಲ್ಲೋ ಕರೆದುಕೊಂಡು ಹೋದರು ಎಂಬುದಷ್ಟು ತಿಳಿಯಿತು. ಮರುದಿನ ನಿಮ್ಮ ಕಚೇರಿಯಿಂದ ನನ್ನ ಮೊಬೈಲಿಗೆ ಒಂದು ಕಡತದ ಸಂಖ್ಯೆ, ಒಂದು ಕೊಂಡಿ ಬಂತು.

ಆ ಕೊಂಡಿ ಹಿಡಿದುಕೊಂಡು ನಾನು, ಅಮ್ಮ, ನನ್ನ ಹೆಂಡತಿ ಮೂವರೂ ನಮ್ಮ ಓಣಿಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿ ನಡೆಸುವ ಹೆಂಗಸನ್ನು ಎಲ್ಲರೂ ಎಂಟರಮ್ಮ ಎನ್ನುತ್ತಾರೆ. ಎಂಟರ್ ಕೀಲಿಯನ್ನು ಮೊಳೆ ಹೊಡೆದ ಹಾಗೆ ಹೊಡೆಯುತ್ತಾಳೆ, ಅದಕ್ಕೆ. ಪುಟ ತೆರೆಯಿತು. ಮೇಲ್ಗಡೆ ಹಲವು ಭಾಷೆಗಳ ಸಾಲಿನಲ್ಲಿ ಕನ್ನಡದಲ್ಲೂ ಒಂದು ವಾಕ್ಯವಿತ್ತು: ‘ಈಗ ನಮ್ಮ ಸೇವೆ ನಿಮ್ಮ ಭಾಷೆಯಲ್ಲಿ! ನಿಮ್ಮ ಬ್ರೌಸರ್‌ನ ಅನುವಾದ ಸೌಲಭ್ಯ ಬಳಸಿ.’ ಇಡೀ ಪುಟದಲ್ಲಿ ಮನುಷ್ಯರು ಬರೆದ ಕನ್ನಡ ಅದೊಂದೇ ಇರಬೇಕು. ಮಿಕ್ಕ ಕೆಲಸ ನಮ್ಮದು ಎಂದು ಹೇಳುವಷ್ಟು ಕನ್ನಡ ನಿಮಗೆ ಬರುತ್ತದೆ ಎಂದು ತಿಳಿದು ಸಂತೋಷವಾಯಿತು.

ಅನುವಾದದ ಗುರುತು ವಿಳಾಸದ ಪಟ್ಟಿಯ ಬಲತುದಿಯಲ್ಲಿ ಬರಬೇಕಂತೆ. ಬರಲಿಲ್ಲ. ಎಂಟರಮ್ಮ ಪುಟವನ್ನು ಮತ್ತೆ ಮತ್ತೆ ತೆರೆದಳು. ಮೌಸಿನ ಬಲಗುಂಡಿ ಒತ್ತಿದಳು. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿಗೆ ಹೋಗಿ ನೋಡಿದರೆ ‘ಈ ಸೈಟನ್ನು ಎಂದಿಗೂ ಅನುವಾದಿಸಬೇಡ’ ಎಂಬಲ್ಲಿ ಯಾರೋ ಗುರುತು ಹಾಕಿಬಿಟ್ಟಿದ್ದರು. ನಮಗಿಂತ ಮುಂಚೆ ಇದೇ ಕುರ್ಚಿಯಲ್ಲಿ ಕೂತು, ಇದೇ ಪುಟ ತೆರೆದು, ಸಾಕಪ್ಪ ಎಂದು ಎದ್ದುಹೋದವರು ಯಾರಿರಬಹುದು ಎಂದು ಈಗ ಯೋಚಿಸುತ್ತೇನೆ. ಆಗ ಹೊಳೆಯಲಿಲ್ಲ. ಆ ಗುರುತು ತೆಗೆದರೂ ಕೆಲವು ಸಾಲು ತಿರುಗಿದವು, ಕೆಲವು ತಿರುಗಲಿಲ್ಲ. ನಿಮ್ಮ ಸಹಾಯ ಪುಟ ‘ಕುಕೀಗಳನ್ನು ತೆರವುಗೊಳಿಸಿ’ ಎಂದಿತು.

“ನಾವು ಇಲ್ಲಿ ಏನೂ ತಿಂದೇ ಇಲ್ವಲ್ರೀ,” ಎಂದಳು ನನ್ನ ಹೆಂಡತಿ.

“ಅದು ತಿನ್ನೋದಲ್ಲಮ್ಮ, ಕಂಪ್ಯೂಟರ್ ನೆನಪಿಟ್ಕೊಳ್ಳೋದು,” ಎಂದು ಎಂಟರಮ್ಮ ಎಲ್ಲವನ್ನೂ ಅಳಿಸಿ, ಎಂಟರ್ ಹೊಡೆದಳು. ಪುಟ ಕನ್ನಡವಾಯಿತು.

ಅಕ್ಕನ ಹೆಸರು, ಅದರ ಕೆಳಗೆ ಎರಡು ಸಾಲು. ನಾನು ಜೋರಾಗಿ ಓದಿದೆ. ‘ಉಳಿದಿದ್ದಾರೆ: ತಂಪು ಕೊಠಡಿ ಮೂರು. ಬಿಡುಗಡೆ ಬಾಕಿ ಇದೆ.’

ಅಮ್ಮ ನನ್ನ ತೋಳು ಹಿಡಿದುಕೊಂಡಳು. “ಇನ್ನೊಂದ್ಸಲ ಓದು.”

ಓದಿದೆ.

“ಉಳ್ಕೊಂಡ್ಳಾ?”

“ಹೂಂ ಅಮ್ಮ. ಉಳಿದಿದ್ದಾರೆ ಅಂತಿದೆ.”

“ಎಸಿ ರೂಮಲ್ಲಿ ಇಟ್ಟಿದಾರೆ ನೋಡಿ ಅಜ್ಜಿ,” ಎಂದಳು ಎಂಟರಮ್ಮ. “ಅಲ್ಲಿನ ಆಸ್ಪತ್ರೆ ಅಂದ್ರೆ ಹಂಗೇ.”

“ಮಲಗಿರೋಳಲ್ಲ ಅವಳು,” ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. “ಹಾಸಿಗೆ ಬಟ್ಟೆ ಮಡಚಿದ್ದು ಸರಿಯಿಲ್ಲ ಅಂತ ಜಗಳ ತೆಗೀತಿರ್ತಾಳೆ. ಅದಕ್ಕೇ ಬೇಗ ಕಳಿಸ್ತಿದಾರೆ.”

ಕೆಳಗೆ ಎರಡು ಗುಂಡಿಗಳಿದ್ದವು. ಒಂದರ ಮೇಲೆ ‘ಹಕ್ಕು ಸಾಧಿಸಿ’, ಇನ್ನೊಂದರ ಮೇಲೆ ‘ಬಿಡುಗಡೆ ಮಾಡಿ’. ನನ್ನ ಕೈ ಒಂದು ಗಳಿಗೆ ತಡೆಯಿತು. ಹೆಂಡತಿ ಹೇಳಿದಳು: “ಹಕ್ಕು ಗಿಕ್ಕು ಅಂತ ಹೋಗ್ಬೇಡಿ. ಅಕ್ಕನ್ನ ನೋಡ್ಕೊಂಡಿರೋರು ಅವರು, ಜಗಳಕ್ಕೆ ಬಂದ್ರು ಅಂದ್ಕೊಂಡಾರು. ಬಿಡುಗಡೆ ಒತ್ತಿ.” ಒತ್ತಿದೆ. ‘ಯಶಸ್ವಿಯಾಗಿ ಬಿಡುಗಡೆಯಾಗಿದೆ. ಧನ್ಯವಾದಗಳು’ ಎಂದು ಬಂತು. ಎಂಟರಮ್ಮ ಒಂದು ಪ್ರತಿ ತೆಗೆದುಕೊಟ್ಟಳು. ಆ ಸಂಜೆ ನನ್ನ ಪುಸ್ತಕದಲ್ಲಿ ಮೂರು ಸಾಲು ಬರೆಯಲಿಲ್ಲ. ಎರಡೇ ಪದ ಬರೆದೆ: ಅಕ್ಕ ಉಳಿದಳು.

ಮಾನ್ಯರೇ, ಈಗ ನೀವೇ ಹೇಳಿ. ಬಿದ್ದವಳು ಉಳಿದಿದ್ದಾಳೆ, ಬಿಡುಗಡೆ ಬಾಕಿ ಇದೆ ಎಂದರೆ ಜಗತ್ತಿನ ಯಾವ ತಾಯಿ ಬೇರೆ ಅರ್ಥ ಮಾಡಿಕೊಂಡಾಳು? ಆಸ್ಪತ್ರೆಯಿಂದ ಮನೆಗೆ ಕಳಿಸುವುದನ್ನು ನಾವು ಬಿಡುಗಡೆ ಎಂದೇ ಹೇಳುವುದು. ‘ಹಕ್ಕು ಸಾಧಿಸಿ’ ಎಂಬ ಜಗಳಗಂಟಿ ಗುಂಡಿಯನ್ನು ಬಿಟ್ಟು ಮರ್ಯಾದೆಯ ಗುಂಡಿಯನ್ನು ಒತ್ತಿದ್ದು ನಮ್ಮ ಅಪರಾಧವೇ?

ಒಂಬತ್ತು ದಿನ ನಮ್ಮ ಮನೆಯಲ್ಲಿ ಅಕ್ಕ ಬದುಕಿದ್ದಳು. ಅಮ್ಮ ಅವಳ ಹಾಸಿಗೆಯನ್ನು ದಿನವೂ ಬಿಸಿಲಿಗೆ ಹಾಕಿ, ಕೋಲಿನಲ್ಲಿ ಬಡಿದು, ಸಂಜೆ ಒಳಗೆ ತಂದಳು. ಹೆಂಡತಿ ಕಿಟಕಿಯ ಪಕ್ಕದ ಜಾಗ ತೆರವು ಮಾಡಿದಳು. ಒಂಬತ್ತನೆಯ ದಿನ, ಕೋರ್ಟಿನ ನಿವೃತ್ತ ಗುಮಾಸ್ತರೊಬ್ಬರು ರಟ್ಟಿಗೆ ಕೊಟ್ಟಿದ್ದ ಪುಸ್ತಕ ಒಯ್ಯಲು ನನ್ನ ಅಂಗಡಿಗೆ ಬಂದರು. ಅವರಿಗೆ ನಿಮ್ಮ ಭಾಷೆ ಚೆನ್ನಾಗಿ ಬರುತ್ತದೆ. ಬಿಡುಗಡೆಯಾದವರನ್ನು ಎಷ್ಟು ದಿನಕ್ಕೆ ವಿಮಾನ ಹತ್ತಿಸುತ್ತಾರೆ ಸಾರ್ ಎಂದು ಕೇಳಿ, ಎಂಟರಮ್ಮ ಕೊಟ್ಟ ಪ್ರತಿ ತೋರಿಸಿದೆ. ಪುಟದ ತಲೆಯಲ್ಲಿ ನಿಮ್ಮ ಕಚೇರಿಯ ಹೆಸರು, ಕೆಳಗೆ ಒಂದು ಸೂಚನೆ, ಎರಡನ್ನೂ ನೀವು ಚಿತ್ರವಾಗಿ ಅಂಟಿಸಿದ್ದೀರಿ. ಚಿತ್ರದೊಳಗಿನ ಅಕ್ಷರವನ್ನು ಅನುವಾದ ಮುಟ್ಟುವುದಿಲ್ಲ. ಹಾಗಾಗಿ ಆ ಎರಡು ಮಾತ್ರ ನಿಮ್ಮ ಭಾಷೆಯಲ್ಲೇ ಇದ್ದವು. ಅವರು ಭೂತಗನ್ನಡಿ ಹಿಡಿದು ಅವನ್ನು ಓದಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

“ಕೂತ್ಕೊ ತಮ್ಮಾ.”

“ಹೇಳಿ ಸಾರ್, ಪರವಾಗಿಲ್ಲ.”

“ಕೂತ್ಕೊ ಅಂದೆ.” ನಾನು ಕಾಗದದ ಕಟ್ಟಿನ ಮೇಲೆ ಕೂತೆ. “ಇವರ ಭಾಷೇಲಿ ಉಳಿಯೋದಕ್ಕೂ ಕಳೇಬರಕ್ಕೂ ಒಂದೇ ಪದ. ಇದು ಶವಗಳ ಕಚೇರಿ. ಉಳಿದಿದ್ದಾರೆ ಅಂತಲ್ಲ ಇರೋದು. ಕಳೇಬರ ಮೂರನೇ ಕೊಠಡೀಲಿದೆ ಅಂತ.”

ಆಮೇಲೆ ನಾನು ಕೇಳಿದ್ದು ಮಾತ್ರ ನೆನಪಿದೆ: “ಬಿಡುಗಡೆ ಅಂತೂ ಆಗಿದೆಯಲ್ಲ ಸಾರ್? ಕಳಿಸ್ತಾರಲ್ಲ?”

“ಅದು ಬಿಡಿಸ್ಕೊಳ್ಳೋದಲ್ಲಪ್ಪ,” ಎಂದರು ಗುಮಾಸ್ತರು. “ಬಿಟ್ಟುಕೊಡೋದು.”

ಕೆಳಗಿನ ಸೂಚನೆ ಏನೆಂದೂ ಅವರೇ ಓದಿ ಹೇಳಿದರು. ‘ಅನುವಾದವನ್ನು ಬ್ರೌಸರ್ ಮಾಡುತ್ತದೆ. ತಪ್ಪುಗಳಿಗೆ ಈ ಕಚೇರಿ ಹೊಣೆಯಲ್ಲ.’ ಹೊಣೆಯಲ್ಲ ಎಂಬುದನ್ನು ಮಾತ್ರ ಅನುವಾದವಾಗದ ಹಾಗೆ ಬರೆದಿಟ್ಟ ನಿಮ್ಮ ಜಾಣತನಕ್ಕೆ ಕೈ ಮುಗಿಯುತ್ತೇನೆ.

ಅಲ್ಲಿಂದ ಹತ್ತು ದಿನ ನಾನೂ ಗುಮಾಸ್ತರೂ ಎಂಟರಮ್ಮನ ಅಂಗಡಿಯಲ್ಲಿ ಕೂತಿದ್ದೇವೆ. ಮರುಪರಿಶೀಲನೆಗೆ ಒಂದು ಅರ್ಜಿ ಇದೆ. ಹತ್ತು ನಿಮಿಷದಲ್ಲಿ ತುಂಬದಿದ್ದರೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ನಾನು ತುಂಬಲು ಹೋದರೆ ಕನ್ನಡಕ್ಕೆ ತಿರುಗಿಸಬೇಕು, ತಿರುಗಿಸಲು ಪುಟವನ್ನು ಮತ್ತೆ ತೆರೆದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಗುಮಾಸ್ತರು ತುಂಬಲು ಹೋದರೆ, ಅವರು ಭೂತಗನ್ನಡಿಯಲ್ಲಿ ಒಂದೊಂದೇ ಅಕ್ಷರ ಹುಡುಕುವಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತದೆ. “ನಾನು ಕೋರ್ಟಲ್ಲಿದ್ದಾಗ ಕಳ್ಳನಿಗೂ ವಾಯಿದೆ ಕೊಡ್ತಿದ್ರಲ್ಲಯ್ಯ,” ಎಂದು ಅವರು ಪರದೆಗೇ ಬೈದರು. ಅಂತೂ ಏಳನೆಯ ಸಲಕ್ಕೆ ಅರ್ಜಿ ಸಲ್ಲಿಕೆಯಾಯಿತು. ಎಂಟರಮ್ಮ ಆ ದಿನ ಎಂಟರ್ ಕೀಲಿಯನ್ನು ಮೆಲ್ಲಗೆ, ಹೂವಿನ ಹಾಗೆ ಒತ್ತಿದಳು. ಎರಡು ದಿನದ ಮೇಲೆ ಉತ್ತರ ಬಂತು: ‘ಕುಟುಂಬದ ಇಚ್ಛೆಯಂತೆ ಕಡತ ಮುಕ್ತಾಯವಾಗಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು.’ ನಿಮ್ಮ ಫೋನ್ ಸಂಖ್ಯೆಗೆ ಕರೆ ಮಾಡಿದರೆ ಒಂದು ಧ್ವನಿ ಮಾತಾಡುತ್ತದೆ. ಅದಕ್ಕೆ ಕಿವಿ ಇಲ್ಲ.

ಕುಟುಂಬದ ಇಚ್ಛೆ! ನಮ್ಮ ಕುಟುಂಬದ ಇಚ್ಛೆ ಏನೆಂದು ನಿಮಗೆ ಗೊತ್ತೇ? ನಿನ್ನೆ ಬೆಳಿಗ್ಗೆಯೂ ಅಮ್ಮ ಹಾಸಿಗೆ ಬಿಸಿಲಿಗೆ ಹಾಕಿದಳು. “ಬಿಡುಗಡೆ ಆಗಿ ಇಷ್ಟು ದಿನ ಆಯ್ತಲ್ಲೋ, ಫೋನಾದ್ರೂ ಮಾಡ್ಬಾರ್ದಾ ಅವಳು?” ಎಂದು ಕೇಳಿದಳು. “ಕಚೇರಿ ಕೆಲಸ ಅಮ್ಮ, ನಿಧಾನ,” ಎಂದೆ. ಹೌದು ಮಾನ್ಯರೇ, ನಾನಿನ್ನೂ ಹೇಳಿಲ್ಲ. ಅವಳಿಗೆ ಓದು ಬಾರದು. ಜಗತ್ತಿನ ಸುದ್ದಿಯನ್ನೆಲ್ಲ ಅವಳಿಗೆ ನಾನೇ ಓದಿ ಹೇಳುವುದು. ನಿಮ್ಮ ಯಂತ್ರದ ಮೇಲೆ ಇಷ್ಟು ಸಿಟ್ಟು ಮಾಡುವ ನಾನು ಹತ್ತು ದಿನದಿಂದ ಅಮ್ಮನಿಗೆ ಅದಕ್ಕಿಂತ ಕೆಟ್ಟ ಅನುವಾದ ಮಾಡುತ್ತಿದ್ದೇನೆ. ಯಂತ್ರಕ್ಕೆ ಗೊತ್ತಿರಲಿಲ್ಲ. ನನಗೆ ಗೊತ್ತಿದೆ. ಹೇಳಬೇಕು ಎಂದು ಬಾಗಿಲವರೆಗೆ ಹೋಗುತ್ತೇನೆ. ಹಾಸಿಗೆ ಬಡಿಯುವ ಸದ್ದು ಕೇಳಿಸುತ್ತದೆ. ತಿರುಗಿ ಬರುತ್ತೇನೆ. ದೇಹವೂ ಇಲ್ಲದೆ ಬರೀ ಸುದ್ದಿಯನ್ನು ಅವಳ ಕೈಗೆ ಹೇಗೆ ಕೊಡಲಿ? ಮಗಳು ಉಳಿದಳು ಎಂದು ಓದಿದ ಬಾಯಲ್ಲೇ, ಸತ್ತಳು, ಅವಳನ್ನು ನಾವೇ ಬೇಡವೆಂದು ಬರೆದುಕೊಟ್ಟೆವು ಎಂದು ಹೇಗೆ ಹೇಳಲಿ?

ನನ್ನ ದಿನಚರಿಯಲ್ಲಿ ‘ಅಕ್ಕ ಉಳಿದಳು’ ಎಂಬ ಆ ಎರಡು ಪದ ಹಾಗೇ ಇವೆ. ಹೊಡೆದುಹಾಕಲು ಪೆನ್ನು ಎತ್ತಿ ಇಟ್ಟಿದ್ದೇನೆ. ಹಾಳೆ ಹರಿಯಬಹುದಿತ್ತು. ಆದರೆ ರಟ್ಟು ಕಟ್ಟುವವನಿಗೆ ಗೊತ್ತು, ಒಂದು ಹಾಳೆ ಹರಿದರೆ ಆಚೆ ಬದಿಯ ಅದರ ಜೋಡಿ ಹಾಳೆಯೂ ಸಡಿಲವಾಗುತ್ತದೆ.

ಗುಮಾಸ್ತರು ಈ ಪತ್ರವನ್ನು ನಿಮ್ಮ ಭಾಷೆಗೆ ತಿರುಗಿಸಿಕೊಡುತ್ತೇನೆ ಎಂದರು. ಬೇಡ ಸಾರ್ ಎಂದೆ. ಕನ್ನಡದಲ್ಲೇ ಪತ್ರಿಕೆಗೆ ಕೊಟ್ಟು ಅದರ ಪುಟದ ಕೊಂಡಿ ಕಳಿಸೋಣ, ನಾವು ಓದಿದ ಹಾಗೆ ಅವರೂ ಓದಲಿ. ಮಾನ್ಯರೇ, ಪುಟ ತೆರೆಯಿರಿ. ಗುರುತು ಕಾಣದಿದ್ದರೆ ಮೌಸಿನ ಬಲಗುಂಡಿ ಒತ್ತಿ. ಆಗಲೂ ಆಗದಿದ್ದರೆ ಕುಕೀಗಳನ್ನು ತೆರವುಗೊಳಿಸಿ. ನಿಮ್ಮ ತಾಳ್ಮೆಗೆ ಧನ್ಯವಾದಗಳು. ಹತ್ತು ನಿಮಿಷದಲ್ಲಿ ಮುಚ್ಚಿಕೊಳ್ಳುವ ಪತ್ರವಲ್ಲ ಇದು. ನಿಧಾನವಾಗಿ ಓದಿ.

ನನ್ನ ಬೇಡಿಕೆ ಇಷ್ಟು. ಹೂಳುವುದನ್ನು ನಿಲ್ಲಿಸಿ. ಕಡತ ತೆರೆಯಿರಿ. ಅನುವಾದದ ಪಟ್ಟಿಯಲ್ಲಿ ‘ಮೂಲವನ್ನು ತೋರಿಸಿ’ ಎಂಬ ಒಂದು ಆಯ್ಕೆ ಇದೆಯಲ್ಲ, ನಾವು ಕೇಳುತ್ತಿರುವುದೂ ಅದನ್ನೇ. ಮೂಲವನ್ನು ನಮಗೆ ಕೊಡಿ. ಆಮೇಲೆ, ನಮ್ಮ ಭಾಷೆ ಬಲ್ಲ ಒಬ್ಬ ಮನುಷ್ಯನನ್ನು ಕೂರಿಸಿ ಆ ಪುಟದ ಎರಡು ಪದಗಳನ್ನಾದರೂ ಬರೆಸಿ. ಎಂಟರಮ್ಮನ ಅಂಗಡಿಯ ಆ ಕುರ್ಚಿಯಲ್ಲಿ ನಾಳೆ ಇನ್ಯಾರೋ ಬಂದು ಕೂರುತ್ತಾರೆ.

ಈ ಪತ್ರ ಪತ್ರಿಕೆಯಲ್ಲಿ ಬಂದ ಬೆಳಿಗ್ಗೆ ಅಮ್ಮ ಎಂದಿನಂತೆ ನನ್ನ ಎದುರು ಕೂತು “ಏನ್ ಬಂದಿದೆಯೋ ಇವತ್ತು?” ಎಂದು ಕೇಳುತ್ತಾಳೆ. ಅವತ್ತು ಇದನ್ನೇ ಓದುತ್ತೇನೆ. ಮೊದಲಿಂದ ಕೊನೆಯವರೆಗೆ, ಒಂದು ಪದ ಬಿಡದೆ. ಅದಕ್ಕಾಗಿಯೇ ಕೊನೆಯ ಸಾಲುಗಳನ್ನು ಯಾವ ಯಂತ್ರವೂ ತಪ್ಪಾಗಿ ತಿರುಗಿಸಲಾರದಷ್ಟು, ಯಾವ ಮಗನೂ ತಪ್ಪಿಸಿ ಓದಲಾರದಷ್ಟು ಸರಳವಾಗಿ ಬರೆಯುತ್ತಿದ್ದೇನೆ.

ನನ್ನ ಅಕ್ಕ ಸತ್ತಿದ್ದಾಳೆ. ಅವಳು ನಮಗೆ ಬೇಕು. ಅವಳನ್ನು ಮನೆಗೆ ಕಳಿಸಿ.

ಇಂತಿ,
ಮರ್ಯಾದೆಗೆ ಹೆದರಿ ‘ಹಕ್ಕು’ ಬಿಟ್ಟು ‘ಬಿಡುಗಡೆ’ ಒತ್ತಿದ,
ತಂಪು ಕೊಠಡಿ ಮೂರರಲ್ಲಿರುವವಳ ತಮ್ಮ