ಎರಡೂ ನನ್ನ ಅಕ್ಷರವೇ

ವಿಜಾಪುರ,
೨ ಡಿಸೆಂಬರ ೧೯೪೬

ಜಿಮಖಾನಾ ಸೆಕ್ರೆಟರಿ ಸಾಹೇಬರಿಗೆ ನಮಸ್ಕಾರಗಳು.

ಫಸ್ಟ್ ಇಯರ್ ಹುಡುಗ ನಿಮಗೆ ನೇರವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ಹುತುತು (ಕಬಡ್ಡಿ) ಆಟದ ಹೊಸ ರೂಲುಗಳನ್ನು ನೀವು ಇಂಗ್ಲಿಷಿನಲ್ಲಿ ಕಳಿಸಿದ್ದಿರಿ. ಅವನ್ನು ತಿಕೋಟಾ ಮತ್ತು ಬಬಲೇಶ್ವರದ ತಂಡಗಳಿಗೆ ಕನ್ನಡದಲ್ಲಿ ಬರೆದುಕೊಟ್ಟವನೂ ಅಂಪೈರನೂ ನಾನೇ. ಬಬಲೇಶ್ವರದ ಪ್ರತಿ ಬರೆಯುವಾಗ ಹಾಸ್ಟೆಲಿನ ಊಟದ ಗಂಟೆಯಾಯಿತು. ಉಂಡು ಬಂದು ಮುಂದುವರಿಸಿದಾಗ ಒಂದು ರೂಲು ಬಿಟ್ಟುಹೋಯಿತು. ಎದುರಿನವನೊಬ್ಬ ಔಟಾದರೆ ನಮ್ಮಲ್ಲಿ ಔಟಾದವನೊಬ್ಬ ಮತ್ತೆ ಆಟಕ್ಕೆ ಬರಬಹುದು ಎಂಬ ರೂಲು ಅದು.

ನಿನ್ನೆ ಎರಡೂ ತಂಡಗಳ ಆಟದಲ್ಲಿ, ಔಟಾಗಿದ್ದ ತಿಕೋಟಾದ ಮರೆಪ್ಪ ಹಾಗೆ ಒಳಗೆ ಬಂದ. ಬಬಲೇಶ್ವರದ ತಂಡ ಕಟ್ಟಿದ ಬಸಗೊಂಡಪ್ಪ ಮಾಸ್ತರರು ಅಡ್ಡ ನಿಂತರು. ಅವರು ಸಾಲಿಯಲ್ಲಿ ನನಗೆ ಅಕ್ಷರ ತಿದ್ದಿಸಿದವರು.

“ಸತ್ತಾಂವ ಹೆಂಗ ಎದ್ದ ಬರ್ತಾನೋ ತಮ್ಮಾ? ಈ ಕಾಗದದಾಗ ಎಲ್ಲೈತಿ ಹೇಳು. ನಿನ್ನ ಅಕ್ಷರ ನನಗ ಗುರುತ ಸಿಗಂಗಿಲ್ಲೇನು?”

ತಿಕೋಟಾದ ತಂಡ ಕರೆತಂದಿದ್ದ ಗುರಲಿಂಗಪ್ಪನವರು ತಮ್ಮ ಪ್ರತಿ ತೆಗೆದು, “ಇದರಾಗ ಐತಿ ನೋಡ್ರಿ. ಇದೂ ಅವನ ಅಕ್ಷರನ” ಎಂದರು.

ಎರಡಕ್ಕೂ ಹೌದೆಂದೆ. ಆಟ ನಿಂತಿತು.

ಆಟ ನೋಡಲು ಬಂದಿದ್ದ ನಮ್ಮ ಹಾಸ್ಟೆಲಿನ ರೆಕ್ಟರರು ಇಂಗ್ಲಿಷ್ ಕಾಗದ ಕೇಳಿದರು. ಮಾಸ್ತರರು ಪಕ್ಕದಲ್ಲೇ ಇದ್ದರು, ಅವರೆದುರು ತಪ್ಪು ಒಪ್ಪಿಕೊಳ್ಳಲು ನಾಚಿ ಕಳೆದಿದೆ ಎಂದುಬಿಟ್ಟೆ. “ಶನಿವಾರದೊಳಗ ಇನ್ನೊಂದು ಪ್ರತಿ ತರಸು, ಇಲ್ಲಾಂದ್ರ ಹಾಸ್ಟೆಲ್ ಬಿಡು” ಅಂದಿದ್ದಾರೆ.

ಸರ್, ಕಾಗದ ಕಳೆದಿಲ್ಲ, ನನ್ನ ಟ್ರಂಕಿನಲ್ಲೇ ಇದೆ. ಇನ್ನೊಂದು ಪ್ರತಿ ಕಳಿಸಬೇಡಿರಿ; ಅದು ಬಂದರೆ ನನ್ನ ತಪ್ಪಿಗೆ ತೀರ್ಪು ಬಬಲೇಶ್ವರದವರ ವಿರುದ್ಧ ಹೋಗುತ್ತದೆ. ಆಟವನ್ನು ಮೊದಲಿನಿಂದ ಆಡಿಸಬಹುದೆಂದು ಎರಡು ಸಾಲು ಬರೆದರೆ ಸಾಕು. ಅದು ಕೈಗೆ ಬಂದ ದಿನ ಟ್ರಂಕು ತೆಗೆದು ಮಾಸ್ತರರಿಗೆ ನಾನೇ ತೋರಿಸುತ್ತೇನೆ.

ಶನಿವಾರದೊಳಗೆ ಮುಟ್ಟುವಂತೆ ಉತ್ತರ ಬರೆಯಿರಿ.

ತಮ್ಮ ವಿಧೇಯ,
ಅಂಬಾದಾಸ