ಹಳೆ ಆಟದ ಮಾನಿಟರಿಗೆ ಮಗಳು ತಂತಿ ಜೋಡಿಸಿದ ದಿನ

ಭಾನುವಾರ, ಮಧ್ಯಾಹ್ನ

ಮಗಳ ಅಪ್ಪನಿಗೆ,

ಗಾಬರಿಯಾಗಬೇಡಿ, ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಯಾವ ಪತ್ರವನ್ನಾದರೂ ಪೂರ್ತಿ ಓದುವ ಮೊದಲೇ ಕೆಟ್ಟದ್ದು ಊಹಿಸುವ ಅಭ್ಯಾಸ ನಿಮ್ಮದು. ಅದಕ್ಕೇ ಈ ಮಾತನ್ನು ಮೊದಲ ಸಾಲಿನಲ್ಲೇ ಹಾಕಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವು ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಪತ್ರದಲ್ಲಿ ನೀವು ನಡುವೆ ಬಾಯಿ ಹಾಕಲಾರಿರಿ, ನಾನು ಫೋನು ಕುಕ್ಕಲಾರೆ. ಕಡಲ ದಂಡೆಯ ಆ ವಿಡಿಯೋ ಆಟದ ಹಾಲ್‌ಗೆ ರಿಪೇರಿ ಕೆಲಸಕ್ಕೆಂದು ಹೋದವರು ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದಿರಿ, ಆಮೇಲೆ ಬರೀ ಫೋನು, ಆಮೇಲೆ ಫೋನಿನಲ್ಲಿ ಬರೀ ಜಗಳ. ಮಗಳಂತೂ ನಿಮ್ಮ ಕರೆ ಬಂದರೆ ಎದ್ದು ಬಚ್ಚಲಿಗೆ ಹೋಗಿ, ಜಗಳ ಕೇಳಿಸದಿರಲಿ ಎಂದು ನಲ್ಲಿ ಬಿಡುತ್ತಾಳೆ. ಇರಲಿ. ಇದು ಆ ಲೆಕ್ಕ ತೆಗೆಯುವ ಪತ್ರವಲ್ಲ.

ಮಗಳು, ನಿಮ್ಮ ಮೊಂಡಿ, ಒಂದು ಆಟ ಬರೆದಿದ್ದಾಳೆ, ಮನೆಯ ಕಂಪ್ಯೂಟರಿನಲ್ಲಿ. ಬಿರುಗಾಳಿಯಲ್ಲಿ ಗೂಡು ಹುಡುಕುವ ಒಂದು ಹಕ್ಕಿಯ ಆಟ. ಹಕ್ಕಿಯನ್ನು ಚುಕ್ಕೆ ಚುಕ್ಕೆಯಾಗಿ ಅವಳೇ ಬಿಡಿಸಿದ್ದು. ಗ್ರಂಥಾಲಯದ ಸಭಾಂಗಣದಲ್ಲಿ ಕಾಲೇಜು ಮಕ್ಕಳು ಮಾಡಿದ ಆಟಗಳ ಪ್ರದರ್ಶನವಿತ್ತು, ಅದರಲ್ಲಿ ಇವಳ ಹೆಸರೂ ಇತ್ತು. ಆದರೆ ಚಪ್ಪಟೆ ಪರದೆಯ ಮೇಲೆ ಆ ಹಕ್ಕಿ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ ಎಂದು ಅವಳಿಗೆ ತಳಮಳ. ನೀವು ರಿಪೇರಿಗೆ ತಂದು ಬಿಟ್ಟುಹೋದ, ನಾಣ್ಯ ಹಾಕಿ ಆಡುವ ಆಳೆತ್ತರದ ಕೊನೆಯ ಆಟದ ಪೆಟ್ಟಿಗೆ ಇದೆಯಲ್ಲ, ಬೋರ್ಡು ಸುಟ್ಟದ್ದು, ಬಾಗಿಲಲ್ಲಿ ಹಿಡಿಸದೆ ವರ್ಕ್‌ಶಾಪ್ ಕೋಣೆಯಲ್ಲೇ ಉಳಿದದ್ದು. ಅದರ ಮಾನಿಟರಿನ ಉಬ್ಬುಗಾಜಿನ ಮೇಲೆ ಚುಕ್ಕೆಗಳು ಒಂದರೊಳಗೊಂದು ಕರಗುತ್ತವೆ, ಅಲ್ಲಿಯೇ ತನ್ನ ಹಕ್ಕಿ ಹಾರಬೇಕು ಎಂದು ಹಟ ಹಿಡಿದಳು. ಬೇಡ ಎಂದೆ. ನಾನು ಬೇಡ ಎಂದದ್ದನ್ನು ಅವಳು ಎಂದಾದರೂ ಬಿಟ್ಟಿದ್ದಾಳೆಯೇ? ಮೊಂಡಿ ಎಂದು ಹೆಸರಿಟ್ಟವರು ನೀವೇ.

ಕಳೆದ ಭಾನುವಾರ ಕನ್ನಡಕದಂಗಡಿಯ ಕೆಲಸದಿಂದ ಬೇಗ ಬಂದೆ. ವರ್ಕ್‌ಶಾಪ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿದೆ. ಮಾನಿಟರನ್ನು ಪೆಟ್ಟಿಗೆಯಿಂದ ಬಿಚ್ಚಿ ಗಿಡ್ಡ ಮೇಜಿನ ಮೇಲೆ ಇಟ್ಟಿದ್ದಳು, ಅದರ ಬೆನ್ನು ಬಾಗಿಲ ಕಡೆಗೆ. ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಬಲಗೈಯನ್ನು ಮೊಣಕೈವರೆಗೆ ಅದರ ಹೊಟ್ಟೆಯೊಳಗೆ ತೂರಿಸಿದ್ದಳು. ಮುಟ್ಟಿದರೆ ಜೀವ ತೆಗೆಯುತ್ತದೆ ಎಂದು ನೀವು ಹೆದರಿಸುತ್ತಿದ್ದ, ರಬ್ಬರ್ ಟೋಪಿ ಹಾಕಿದ ಆ ದಪ್ಪ ಕೆಂಪು ತಂತಿಗೂ ಅವಳ ಮಣಿಕಟ್ಟಿಗೂ ನಡುವೆ ನನ್ನ ಎರಡು ಬೆರಳು ಹಿಡಿಸುತ್ತಿದ್ದವೋ ಇಲ್ಲವೋ.

ಅವಳ ಹೆಸರು ಹಿಡಿದು ಕೂಗಲು ಹೋದೆ. ಕೂಗಲಿಲ್ಲ. ಮದುವೆಯಾದ ಹೊಸದರಲ್ಲಿ ಊಟಕ್ಕೆ ಬನ್ನಿ ಎಂದು ಕೂಗಿದ್ದಕ್ಕೆ ನೀವು ನನ್ನ ಮೇಲೆ ಹಾರಿಬಿದ್ದದ್ದು ನೆನಪಾಯಿತು. ಕೈ ಒಳಗಿದ್ದವರನ್ನ ಕರೀಬೇಡ ಮಾರಾಯ್ತಿ, ಬೆಚ್ಚಿದ ಕೈ ಹೋಗಬಾರದ ಕಡೆ ಹೋಗುತ್ತೆ ಎಂದಿದ್ದಿರಿ. ಅವತ್ತು ಎರಡು ದಿನ ಮುನಿಸಿಕೊಂಡಿದ್ದೆ. ಈ ಸಲ ಬಾಗಿಲ ಚೌಕಟ್ಟು ಹಿಡಿದು ನಿಂತೆ. ಪ್ಲಗ್ಗು ಹಾಕಿದೆಯೋ ತೆಗೆದಿದೆಯೋ ನಾನಿದ್ದಲ್ಲಿಂದ ಕಾಣುತ್ತಿರಲಿಲ್ಲ. ಕಂಡದ್ದು ಒಂದೇ, ಅವಳ ಎಡಗೈ. ಅದನ್ನು ಬೆನ್ನ ಹಿಂದೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಥೇಟ್ ನಿಮ್ಮ ಹಾಗೆ, ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆ ಹಾಯಬಾರದೆಂದು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪುಟ್ಟ ಹುಡುಗಿಯಾಗಿದ್ದಾಗ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತು ನಿಮ್ಮನ್ನು ನೋಡಿದ್ದಷ್ಟೆ.

ಬರಿಗಾಲಲ್ಲಿ ಹಿಂದೆ ಸರಿದು ಮೇನ್ ಸ್ವಿಚ್ಚು ಇಳಿಸಿದೆ. ಫ್ಯಾನು ನಿಂತಿತು. ಒಳಗೆ ಬಾಯಿಂದ ಟಾರ್ಚು ಬೀಳಿಸಿದ ಸದ್ದು, ಹಿಂದೆಯೇ ಮಗಳ ಧ್ವನಿ ಬಂತು, ಒಂದಿಷ್ಟೂ ನಡುಕವಿಲ್ಲದೆ: “ಅಮ್ಮಾ, ಪ್ಲಗ್ ಆಗ್ಲೇ ಎಳ್ದಿದೀನಿ. ಕೈ ಹೊರಗೆ ತೆಗೀತಿದೀನಿ. ಮಾತಾಡ್ಸ್‌ಬೇಡ.”

ಕೈ ಹೊರಗೆ ಬಂದ ಮೇಲೆ ಅವಳ ಕೆನ್ನೆಗೆ ಬಾರಿಸಬೇಕೆಂದು ಹೋದವಳು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಬೈಗುಳ ಮಾತ್ರ ಧಾರಾಳವಾಗಿ ಕೊಟ್ಟೆ. ಸ್ವಲ್ಪ ಹೊತ್ತಿನ ಮುಂಚೆ ಗಾಜು ಬೆಳಗುತ್ತದೆಯೇ ಎಂದು ಒಮ್ಮೆ ಹಾಕಿ ನೋಡಿದ್ದಳಂತೆ. ಬೆಳಗಿತಂತೆ. ಬಣ್ಣದ ತಂತಿಗಳು ಸೇರುವಲ್ಲಿ ಬೆಸುಗೆ ಬಿಟ್ಟಿತ್ತು, ಅದನ್ನು ಮುಟ್ಟಿ ನೋಡುತ್ತಿದ್ದಳು. ಪ್ಲಗ್ಗು ಎಳೆದರೂ ಒಳಗೆ ಕರೆಂಟು ಅವಿತು ಕೂತಿರುತ್ತದೆ, ಅದನ್ನು ಇಳಿಸಬೇಕು ಎಂಬುದು ಅವಳಿಗೆ ಗೊತ್ತಿತ್ತು. ಟಾರ್ಚು ಹಿಡಿಯಲು ಯಾರೂ ಇಲ್ಲವಲ್ಲ, ಆಮೇಲೆ ಇಳಿಸಿದರಾಯಿತು ಎಂದುಕೊಂಡಳಂತೆ. ಈ ‘ಆಮೇಲೆ’ ಯಾರ ಬಳುವಳಿ ಎಂದು ನಾನು ಹೇಳಬೇಕಾಗಿಲ್ಲ.

ಕೋಣೆ ಮುಚ್ಚಿ ಬೀಗ ಹಾಕಬೇಕಿತ್ತು. ಹಾಕಲಿಲ್ಲ. ಬೀಗ ಹಾಕಿದರೆ ನಾನು ಅಂಗಡಿಗೆ ಹೋದಾಗ ಒಡೆದು ಒಬ್ಬಳೇ ಮಾಡುತ್ತಾಳೆ. ಅದಕ್ಕಿಂತ ನನ್ನ ಕಣ್ಣೆದುರಿಗೇ ಆಗಲಿ ಎಂದು ಟಾರ್ಚು ನಾನೇ ಹಿಡಿದೆ. ಸ್ಕ್ರೂಡ್ರೈವರಿಗೆ ತಂತಿ ಸುತ್ತಿ, ತಂತಿಯ ಇನ್ನೊಂದು ತುದಿಯನ್ನು ಕಬ್ಬಿಣದ ಚೌಕಟ್ಟಿಗೆ ಕಚ್ಚಿಸಿ, ರಬ್ಬರ್ ಟೋಪಿಯ ಅಡಿಗೆ ಮೆಲ್ಲಗೆ ಜಾರಿಸಿದಳು. ‘ಟಪ್’ ಎಂದು ಅವಿತಿದ್ದ ಕರೆಂಟು ಇಳಿಯಿತು. ಅಷ್ಟೇ ಸದ್ದು, ಒಣ ಕಡ್ಡಿ ಮುರಿದ ಹಾಗೆ. ಇನ್ನೂ ಒಂದು ಸಲ ಮುಟ್ಟಿಸಿ ನೋಡಿ, ಸದ್ದು ಬಾರದಿದ್ದ ಮೇಲೆ ನನ್ನಿಂದ ಮೇನ್ ಸ್ವಿಚ್ಚು ಹಾಕಿಸಿ ಬೆಸುಗೆ ಹಾಕಿದಳು. ಚೆನ್ನಾಗಿಯೇ ಹಾಕಿದಳು.

ನಿಜವಾದ ಗಂಡಾಂತರ ಆಮೇಲೆ ಬಂತು. ಮಾನಿಟರನ್ನು ಕಂಪ್ಯೂಟರಿಗೆ ಜೋಡಿಸಲು ಹೊರಟಳು. ಒಂದು ಕೈಯಲ್ಲಿ ಮಾನಿಟರಿಗೆ ಹೋಗುವ ಕೇಬಲ್ಲು, ಇನ್ನೊಂದು ಕೈ ಕಂಪ್ಯೂಟರಿನ ತಗಡಿನ ಡಬ್ಬಿಯ ಮೇಲೆ. ಮಾನಿಟರಿನ ಪ್ಲಗ್ಗು ಗೋಡೆಗೆ ಚುಚ್ಚಿಯಾಗಿತ್ತು. ನನ್ನ ಕಣ್ಣು ಖಾಲಿ ಪೆಟ್ಟಿಗೆಯ ತಳಕ್ಕೆ ಹೋಯಿತು. ಅಲ್ಲಿ ಆ ಕಬ್ಬಿಣದ ದಿಮ್ಮಿ ಹಾಗೇ ಕೂತಿತ್ತು, ನೀವು ‘ಮಾವ’ ಎನ್ನುತ್ತಿದ್ದ ಟ್ರಾನ್ಸ್‌ಫಾರ್ಮರು. ಮೂಲೆಯಲ್ಲಿ ಕೂತು ಗುಂಯ್ಗುಟ್ಟುವುದೇ ಇವನ ಕೆಲಸ, ಆದರೆ ಇವನನ್ನು ಕೇಳದೆ ಮನೆಯಲ್ಲಿ ಒಂದು ತಂತಿ ಎಳೆದರೂ ಕೆಟ್ಟೆ ಎಂದು ಹೇಳಿ ನಗುತ್ತಿದ್ದಿರಿ. ಯಾಕೆ ಬೇಕು, ಏನು ಮಾಡುತ್ತದೆ, ದೇವರಾಣೆ ನನಗೆ ಗೊತ್ತಿಲ್ಲ. ಮಾವ ಪೆಟ್ಟಿಗೆಯಲ್ಲೇ ಉಳಿದಿದ್ದಾನೆ, ಇವಳು ಅವನಿಲ್ಲದೆ ತಂತಿ ಎಳೆಯುತ್ತಿದ್ದಾಳೆ, ಇಷ್ಟು ಗೊತ್ತಾಯಿತು. ಹಾರಿ ಅವಳ ಮಣಿಕಟ್ಟು ಹಿಡಿದೆ.

ಬಿಡು ಎಂದಳು. ಬಿಡಲ್ಲ ಎಂದೆ. ನಿಂಗೇನ್ ಗೊತ್ತು ಎಂದಳು. ನಂಗೇನೂ ಗೊತ್ತಿಲ್ಲ, ನಿಮ್ಮಪ್ಪ ಆ ಮಾವನ್ನ ಬಿಟ್ಟು ಯಾವತ್ತೂ ಮಾಡ್ತಿರ್ಲಿಲ್ಲ, ಅಷ್ಟೇ ಗೊತ್ತು ಎಂದೆ. ಕೊಸರಾಡಿದಳು. ಅವಳ ಉಗುರು ನನ್ನ ಕೈಗೆ ಗೀರಿತು. ಆಮೇಲೆ ಒಂದು ಮಾತು ಆಡಿದಳು. ಬರೆಯಬಾರದು ಎಂದುಕೊಂಡಿದ್ದೆ, ಆದರೂ ಬರೆಯುತ್ತೇನೆ.

“ಅಪ್ಪ ಹೋಗೋವಾಗ ಹಿಡೀಬೇಕಿತ್ತು ಹಿಂಗೆ ಕೈನ.”

ನಾನು ಹಿಡಿದ ಕೈ ಬಿಡಲಿಲ್ಲ. ಮಾನಿಟರಿನಿಂದ ಸೊಳ್ಳೆ ಹಾಡಿದ ಹಾಗೆ ಸಣ್ಣ ಕೀರಲು ಬರುತ್ತಿತ್ತು. ಕೊನೆಗೆ ಅವಳೇ ಕೇಬಲ್ಲು ಕೆಳಗಿಟ್ಟು, ಆಯ್ತು, ನಿನ್ ಸಮಾಧಾನಕ್ಕೆ ನೋಡ್ತೀನಿ ಎಂದು ನಿಮ್ಮ ಡ್ರಾಯರಿನಿಂದ ಟೆಸ್ಟರ್ ತಂದಳು. ತುದಿಯನ್ನು ಮಾನಿಟರಿನ ಚೌಕಟ್ಟಿಗೆ ಮುಟ್ಟಿಸಿದಳು.

ಟೆಸ್ಟರ್ ಕೆಂಡದ ಹಾಗೆ ಉರಿಯಿತು.

ನಡುವೆ ಮಾವ ಇಲ್ಲದ್ದರಿಂದ ಗೋಡೆಯ ಕರೆಂಟು ನೇರ ಚೌಕಟ್ಟಿಗೇ ಬಂದಿತ್ತು. ಆ ಕೇಬಲ್ಲು ಸೇರಿದ್ದರೆ ಕಂಪ್ಯೂಟರಿನ ತಗಡಿಗೂ ಅದೇ ಹರಿಯುತ್ತಿತ್ತು, ಅವಳ ಅಂಗೈ ಇದ್ದದ್ದು ಆ ತಗಡಿನ ಮೇಲೆ, ಬರಿಗಾಲು ಸಿಮೆಂಟು ನೆಲದ ಮೇಲೆ. ಆ ಕೋಣೆಯ ಸಾಕೆಟ್ಟಿಗೆ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗ್ ಇಲ್ಲ ಎಂದು ಮನೆಯ ಮಾಲೀಕರ ಜೊತೆ ನೀವು ಎಷ್ಟು ಸಲ ಕಿತ್ತಾಡಿದ್ದೀರಿ! ಮಗಳು ಪ್ಲಗ್ಗು ಎಳೆದಳು, ನೆಲದ ಮೇಲೆ ಕೂತಳು, ಮಂಡಿಯ ಮೇಲೆ ತಲೆ ಇಟ್ಟಳು. ನಾನೂ ಪಕ್ಕದಲ್ಲಿ ಕೂತೆ. “ಅಮ್ಮ, ನೋಯ್ತಾ?” ಎಂದು ನನ್ನ ಕೈಯ ಗೀರು ಸವರಿದಳು. ನಿಮ್ಮ ಕುರಿತ ಆ ಮಾತಿಗೆ ಅವಳು ಕ್ಷಮೆ ಕೇಳಲಿಲ್ಲ, ನಾನೂ ಕೇಳಿಸಲಿಲ್ಲ. ಆಡಬೇಕಾದ್ದನ್ನೇ ಆಡಿದ್ದಳು.

ಮುಂದಿನದು ನಿಧಾನವಾಗಿ ನಡೆಯಿತು. ಇಬ್ಬರೂ ಸೇರಿ ಮಾವನನ್ನು ಪೆಟ್ಟಿಗೆಯಿಂದ ಎತ್ತಿ ತಂದೆವು. ಏನು ಭಾರ ರೀ ಅದು! ಮೀಟರು ಹಿಡಿದು ಯಾವ ತಂತಿ ಗೋಡೆಯ ಕಡೆಯದು, ಯಾವುದು ಮಾನಿಟರಿನ ಕಡೆಯದು ಎಂದು ಒಂದೊಂದಾಗಿ ನೋಡಿದಳು. ಎರಡು ದಿನ ಹಿಡಿಯಿತು, ಅವಸರ ಮಾಡಲಿಲ್ಲ. ಚಪ್ಪಲಿ ಹಾಕಿಕೊಂಡೇ ಕೆಲಸ ಮಾಡಿದಳು. ಮತ್ತೆ ಟೆಸ್ಟರ್ ಮುಟ್ಟಿಸಿದಾಗ ಅದು ಕಣ್ಣು ತೆರೆಯಲಿಲ್ಲ.

ಇನ್ನೊಂದು ಕಂಟಕವಿತ್ತು. ಮನೆಯ ಕಂಪ್ಯೂಟರು ಗೆರೆ ಎಳೆಯುವ ವೇಗ ಈ ಮುದುಕ ಮಾನಿಟರಿನ ವೇಗಕ್ಕಿಂತ ದುಪ್ಪಟ್ಟಂತೆ. ಆ ವೇಗಕ್ಕೆ ಓಡಿಸಿದರೆ ಏದುಸಿರು ಬಿಟ್ಟು ಸುಟ್ಟುಹೋಗುತ್ತದಂತೆ. ವೇಗ ಅರ್ಧಕ್ಕಿಳಿಸುವ ಪ್ರೋಗ್ರಾಮು ಹಾಕಿದ್ದಳು, ಆದರೆ ಅದು ಕೆಲಸ ಶುರು ಮಾಡುವುದು ಕಂಪ್ಯೂಟರು ಪೂರ್ತಿ ಎದ್ದ ಮೇಲೆ. ಅಲ್ಲಿಯವರೆಗೆ ಮಾನಿಟರು ಮಲಗಿರಬೇಕು. ಪರದೆಯಿಲ್ಲದ ಕಂಪ್ಯೂಟರಿನ ಮುಂದೆ ಕಿವಿಗೊಟ್ಟು ಕೂತೆವು. ಅದು ಎದ್ದ ಸದ್ದು ಮಾಡಿದ ಮೇಲೆ ಮಾನಿಟರು ಹಾಕಿದಳು. ನಾನು ಮೇನ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದೆ.

ಗಾಜಿನ ಮೇಲೆ ಓರೆಗೆರೆಗಳು, ಹರಿದ ಬಟ್ಟೆಯ ಹಾಗೆ. ಕೀರಲು ಏರಿತು. ಧೂಳು ಸುಡುವ ವಾಸನೆ. ಬೆರಳು ಒತ್ತಿಯೇಬಿಡುತ್ತಿತ್ತು. “ಅಮ್ಮಾ, ತಡಿ, ಧೂಳು ಕಣೇ, ಆರಿಸ್ಬೇಡ!” ಎಂದು ಕೂಗಿದಳು. ಹತ್ತಿರವಿದ್ದವಳು ಅವಳು, ನಾನಲ್ಲ. ತಡೆದೆ. ಜೀವಮಾನದಲ್ಲಿ ನಾನು ಮಾಡಿದ ಕಷ್ಟದ ಕೆಲಸ ಅದು. ಅವಳು ಎಡಗೈ ಬೆನ್ನಿಗೆ ಮಡಚಿ, ಪ್ಲಾಸ್ಟಿಕ್ ಕಡ್ಡಿಯಿಂದ ಹಿಂದಿನ ಸಣ್ಣ ತಿರುಪನ್ನು ಒಂದಿಷ್ಟೇ ತಿರುಗಿಸಿದಳು. ಗೆರೆಗಳು ಒಂದರ ಕೆಳಗೊಂದು ಬಂದು ಕೂತವು. ಹಕ್ಕಿ ರೆಕ್ಕೆ ಬಿಚ್ಚಿತು. ಬಣ್ಣ ಇನ್ನೂ ಸ್ವಲ್ಪ ಮಂಕು, ಅದಕ್ಕೊಂದು ಪುಟ್ಟ ಬೋರ್ಡು ಬೇಕಂತೆ. ಆದರೆ ಇಟ್ಟಿಗೆಯ ಹಕ್ಕಿ ಅದಲ್ಲ, ಪುಕ್ಕವಿರುವ ಹಕ್ಕಿ.

ನಿನ್ನೆ ಪ್ರದರ್ಶನ ಮುಗಿಯಿತು. ಮಾವನ ಸಮೇತ ಎಲ್ಲವನ್ನೂ ಟೆಂಪೋದಲ್ಲಿ ಒಯ್ದೆವು. ಯಾರೂ ಮುಟ್ಟದ ಹಾಗೆ ಅದರ ಬೆನ್ನಿಗೆ ಹಲಗೆ ಬಡಿದಿದ್ದಳು. ಜನ ಸಾಲು ನಿಂತು ಆಡಿದರು. ಬಹುಮಾನ ಬೇರೆಯವರಿಗೆ ಹೋಯಿತು, ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಒಬ್ಬ ಮೇಷ್ಟರು ಬಗ್ಗಿ ಬಗ್ಗಿ ನೋಡಿ, ಇದನ್ನೆಲ್ಲ ಯಾರಮ್ಮ ಕಲಿಸಿದ್ದು ಎಂದರು. ನಾನು ಉತ್ತರಕ್ಕೆ ಕಾದೆ. “ನಮ್ಮನೇಲಿ ಎಲ್ರಿಗೂ ಬರುತ್ತೆ ಸರ್” ಎಂದಳು.

ಆ ‘ಎಲ್ರಿಗೂ’ ಒಳಗೆ ನೀವು ಇದ್ದೀರೋ ಇಲ್ಲವೋ ನಾನು ಕೇಳಲಿಲ್ಲ. ಬೇಕಿದ್ದರೆ ನೀವೇ ಬಂದು ಕೇಳಿ. ಫೋನು ಮಾಡಬೇಡಿ, ನಲ್ಲಿ ಬಿಡುತ್ತಾಳೆ. ಸುಮ್ಮನೆ ಬನ್ನಿ. ಅವಳ ಕೈ ಒಳಗಿದ್ದರೆ ಮಾತ್ರ ಕರೆಯದೆ ಬಾಗಿಲಲ್ಲೇ ನಿಂತಿರಿ.

ಇಂತಿ,
ಇನ್ನೂ ಇದೇ ವಿಳಾಸದಲ್ಲಿರುವವಳು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹಿಂಜರಿದದ್ದು. ಕಳೆದ ಭಾನುವಾರ ನಾನು ಬೇಗ ಬಂದದ್ದು ನಿಮ್ಮ ವರ್ಕ್‌ಶಾಪ್ ಕೋಣೆಯನ್ನು ಒಬ್ಬ ಟೈಲರ್‌ಗೆ ಬಾಡಿಗೆಗೆ ತೋರಿಸಲು. ನೀವು ಇನ್ನು ಬರುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಆ ಮನುಷ್ಯ ಅಷ್ಟು ಹೊತ್ತೂ ಜಗಲಿಯಲ್ಲಿ ಕೂತು ನಮ್ಮ ಜಗಳವನ್ನೆಲ್ಲ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ, ಬೇರೆ ಕಡೆ ನೋಡ್ಕೋತೀನಮ್ಮ, ಇಲ್ಲಿ ಇನ್ನೂ ಕೆಲಸ ನಡೀತಿದೆ ಎಂದು ಹೇಳಿ ಹೋದ.