ಭಾನುವಾರ ಅವರನ್ನು ನದಿಯ ಮೆಟ್ಟಿಲ ಮೇಲೆ ನಿಲ್ಲಿಸಬೇಡಿ

ಮಾನ್ಯ ಕಾರ್ಯಕ್ರಮ ನಿರ್ದೇಶಕರೇ,

ಬರುವ ಭಾನುವಾರ ಸಂಜೆ ನಿಮ್ಮ ವಾಹಿನಿಯು ನಮ್ಮ ಊರಿನ ದೋಣಿಗಟ್ಟೆಯ ಮೆಟ್ಟಿಲ ಮೇಲೆ ಒಬ್ಬ ವೃದ್ಧೆಯನ್ನು ನಿಲ್ಲಿಸಿ, ಅವರ ಬಾಯಿಂದ "ನಮ್ಮನೆ ಯಾವ ಕಡೆ?" ಎಂದು ಕೇಳಿಸಲಿದೆ. ಸಾವಿರಾರು ಅಭಿಮಾನಿಗಳು ಒಕ್ಕೊರಲಿನಿಂದ "ನದಿಗೆ ಗೊತ್ತು" ಎಂದು ಉತ್ತರ ಕೊಡಲಿದ್ದಾರೆ. ಇದನ್ನು ನೀವು ಧಾರಾವಾಹಿಯ ಭವ್ಯ ಸಮಾರೋಪ ಎಂದು ಕರೆದಿದ್ದೀರಿ. ಆ ವೃದ್ಧೆ ಆ ಉತ್ತರವನ್ನು ನಿಜವೆಂದೇ ನಂಬುತ್ತಾರೆ. ಅದನ್ನು ತಿಳಿಸುವುದಕ್ಕಾಗಿ ಈ ಪತ್ರ.

ಅವರ ಪ್ರಶ್ನೆ ಅಭಿನಯವಲ್ಲವೆಂದು ಕಳೆದ ತಿಂಗಳೇ ನಿಮಗೆ ಖಾಸಗಿಯಾಗಿ ಬರೆದಿದ್ದೆ. ನಿಮ್ಮ ಕಚೇರಿಯಿಂದ ಬಹಳ ಸೌಜನ್ಯದ ಉತ್ತರ ಬಂತು. ನನ್ನ ಬರಹದಲ್ಲಿ ಧಾರಾವಾಹಿಯ ಭಯಾನಕ ಸೊಗಸು ಚೆನ್ನಾಗಿ ಮೂಡಿದೆಯಂತೆ, ಅದನ್ನು ಅಭಿಮಾನಿಗಳ ಕಥಾಸ್ಪರ್ಧೆಗೆ ಸೇರಿಸಿಕೊಂಡಿದ್ದೀರಂತೆ. ಮೆಚ್ಚುಗೆಗೆ ಋಣಿ. ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಒಣಗುವ ನಾನು, ಈಗ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದದ್ದು ಆ ಮೆಚ್ಚುಗೆಯ ದೆಸೆಯಿಂದಲೇ.

'ಆಚೆ ದಡ' ಮೊದಲ ಸಲ ಬಂದಾಗ ನಾನು ಹುಟ್ಟಿರಲಿಲ್ಲ. ಆದರೆ ಈ ಊರಿನಲ್ಲಿ ಹುಟ್ಟಿದ ಯಾರಿಗೂ ಅದನ್ನು ನೋಡದೆ ಬೆಳೆಯಲು ಸಾಧ್ಯವಿಲ್ಲ. ಚಿತ್ರೀಕರಣ ನಡೆದದ್ದು ಇಲ್ಲಿ, ಉರುಗ್ವೆ ನದಿಯ ಈ ದಡದಲ್ಲಿ. ಸತ್ತ ದೋಣಿಕಾರ ದಿನಾ ಸಂಜೆ ಊಟಕ್ಕೆ ಬರುತ್ತಾನೆ, ನಾಯಿಗಳು ಹಿಮ್ಮುಖವಾಗಿ ನಡೆಯುತ್ತವೆ, ಅಂಚೆಯವನಿಗೆ ತಾನು ಕೊಟ್ಟ ಕಾಗದಗಳೇ ಮರಳಿ ಬರುತ್ತವೆ. ಕಂಗೆಟ್ಟವರೆಲ್ಲ ಹೋಗಿ ಹೋಟೆಲಿನ ಒಡತಿಯನ್ನು ಕೇಳುತ್ತಾರೆ. ಆಕೆ ಲೋಟ ಒರೆಸುತ್ತ, ತಲೆ ಎತ್ತದೆ ಹೇಳುವುದು ಒಂದೇ ಮಾತು: "ನದಿಗೆ ಗೊತ್ತು." ಏನನ್ನೂ ಬಗೆಹರಿಸದೆ ಧಾರಾವಾಹಿ ಅರ್ಧಕ್ಕೆ ನಿಂತಿತು. ಅದರ ಭಕ್ತರು ಮಾತ್ರ ನಿಲ್ಲಲಿಲ್ಲ. ಸವೆದ ಕ್ಯಾಸೆಟ್ಟುಗಳನ್ನು ಫುಟ್‌ಬಾಲ್ ಕ್ಲಬ್ಬಿನ ಸಭಾಂಗಣದಲ್ಲಿ ಹಾಕಿ, ಪರದೆಯ ಮೇಲೆ ಯಾರು ಏನು ಕೇಳಿದರೂ ಒಡತಿಗಿಂತ ಮೊದಲು ತಾವೇ "ನದಿಗೆ ಗೊತ್ತು!" ಎಂದು ಕೂಗುವುದು ನಮ್ಮಲ್ಲಿ ಮೂವತ್ತು ವರ್ಷಗಳ ರೂಢಿ. ಬೇಕರಿಯಲ್ಲಿ ಬ್ರೆಡ್ಡಿನ ಬೆಲೆ ಕೇಳಿದರೂ ಇದೇ ಉತ್ತರ, ಆಮೇಲೆ ಬೆಲೆ.

ಆ ಒಡತಿಯ ಪಾತ್ರ ಮಾಡಿದ ನೆಲಿದಾ ಎಚೆವೆರ್ರಿ, ಊರವರು ಗೌರವದಿಂದ ಕರೆಯುವ ದೋನ್ಯಾ ನೆಲಿದಾ, ನಮ್ಮ ಪಕ್ಕದ ಮನೆಯವರು. ಮಳೆ ಹಿಡಿದ ದಿನ ಕಾಂಪೌಂಡಿನ ಮೇಲಿಂದ ಬಿಸಿ ಕರಿದ ರೊಟ್ಟಿ ದಾಟಿಸುತ್ತಿದ್ದ ಹೆಂಗಸು. ಈಗ ತಟ್ಟೆ ದಾಟಿಸಿ, ಅದು ಯಾಕೆ ಖಾಲಿ ಇದೆ ಎಂದು ನಮ್ಮನ್ನೇ ಕೇಳುತ್ತಾರೆ.

ನೀವು ಧಾರಾವಾಹಿಗೆ ಮರುಜೀವ ಕೊಟ್ಟಾಗ ಊರು ಕುಣಿಯಿತು. ಮೊದಲ ಕಂತಿಗೆ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರಿಗೂ ಹಿಡಿಸಿತು ಎನ್ನಲಾರೆ. ಒಬ್ಬ ಮನುಷ್ಯ ಮಾತಿಲ್ಲದೆ ಕಿತ್ತಳೆ ಸುಲಿಯುವ ದೃಶ್ಯ ಮುಗಿಯುವ ಲಕ್ಷಣವೇ ಕಾಣದಿದ್ದಾಗ ಔಷಧಿ ಅಂಗಡಿಯ ಒಲ್ಗಾ ಗೊಣಗಿದರು: "ನಮ್ಮನೇಲಿ ದಿನಾ ನಾನೇ ಸುಲಿಯೋದು. ಯಾರೂ ಹಿಂದಿನಿಂದ ಪಿಟೀಲು ಬಾರಿಸಲ್ಲ."

"ಶ್! ಕಿತ್ತಳೆ ಅಂದ್ರೆ ಕಾಲ ಕಣ್ರೀ," ಎಂದರು ಮಿಲ್ಟನ್ ಬೆಂತಾಂಕೊರ್. ಹಾರ್ಡ್‌ವೇರ್ ಅಂಗಡಿಯ ಮಾಲೀಕರು, ಅಭಿಮಾನಿ ಸಂಘದ ಅಧ್ಯಕ್ಷರು.

"ಕಾಲನೋ ಕೈಯೋ, ಬೀಜ ಉಗುಳೋಕೆ ಹೇಳಿ ಅವನಿಗೆ."

ಮೂರನೆಯ ಕಂತಿನಲ್ಲಿ ದೋನ್ಯಾ ನೆಲಿದಾ ಬಂದರು. ಅದೇ ಕೌಂಟರು, ಅದೇ ಲೋಟ. ಲೋಟ ಒರೆಸುತ್ತಿದ್ದ ಕೈ ನಿಂತಿತು. ಕ್ಯಾಮೆರಾದ ಪಕ್ಕಕ್ಕೆ ಎಲ್ಲೋ ನೋಡಿದರು. "ನಮ್ಮನೆ ಯಾವ ಕಡೆ? ಕತ್ತಲಾಗ್ತಿದೆ. ಯಾರಾದ್ರೂ ಹೇಳ್ತೀರಾ?" ಎಂದರು. ಮರುಕ್ಷಣ ಚಾವಣಿ ಹಾರುವಂತೆ ಎಲ್ಲರೂ ಕೂಗಿದರು: "ನದಿಗೆ ಗೊತ್ತು!" ಜನ ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಮೂವತ್ತು ವರ್ಷ ಉತ್ತರ ಕೊಟ್ಟವಳೇ ಈಗ ಪ್ರಶ್ನೆಯಾಗಿದ್ದಾಳೆ ಎಂದು ವಿಮರ್ಶಕರು ಬರೆದರು. ಆ ದೃಶ್ಯದ ಮೇಲೆ ಬಂದ ಲೇಖನಗಳನ್ನು ನಾನೂ ಓದಿದ್ದೇನೆ. ಕೆಲವು ನಿಜಕ್ಕೂ ಚೆನ್ನಾಗಿವೆ.

ನನ್ನ ಪಕ್ಕದಲ್ಲಿ ಕೂತಿದ್ದ ಮಿರ್ತಾ ಕೂಗಲಿಲ್ಲ. ಆಕೆ ದೋನ್ಯಾ ನೆಲಿದಾ ಅವರ ಅಕ್ಕನ ಮಗಳು, ಅವರನ್ನು ನೋಡಿಕೊಳ್ಳುವವಳು. ಗದ್ದಲದಲ್ಲಿ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು: "ಅದು ಬರೆದುಕೊಟ್ಟ ಮಾತಲ್ಲ ರೊಮಿನಾ. ನಾನು ಕ್ಯಾಮೆರಾ ಪಕ್ಕದಲ್ಲೇ ನಿಂತಿದ್ದೆ. ಚಿಕ್ಕಮ್ಮ ಕೇಳಿದ್ದು ನನ್ನನ್ನ. ನಾನು ಮುಂದೆ ಹೋಗೋಕೆ ಹೊರಟ್ರೆ, ಅಲುಗಾಡಬೇಡಿ, ಇದು ಚಿನ್ನ ಅಂತ ತಡೆದ್ರು."

ಮಾನ್ಯರೇ, ನಾನು ಸಾಹಿತ್ಯ ಓದಿದವಳು. ಒಂದು ವಾಕ್ಯಕ್ಕೆ ಹತ್ತು ಅರ್ಥ ಹೇಗೆ ಹುಡುಕಬೇಕೆಂದು ನಮಗೆ ಕಲಿಸಿದರು. ಒಂದೇ ಅರ್ಥವಿರುವ ವಾಕ್ಯ ಎದುರಾದರೆ ಏನು ಮಾಡಬೇಕೆಂದು ಕಲಿಸಲಿಲ್ಲ. ಮನೆಯ ದಾರಿ ಮರೆತ ಹೆಂಗಸು ಮನೆಯ ದಾರಿ ಕೇಳುತ್ತಿದ್ದಾರೆ. ಇದಕ್ಕೆ ಎಷ್ಟು ವಿಮರ್ಶಕರು ಬೇಕು?

ಮಿರ್ತಾ ವೈದ್ಯರ ಪತ್ರ ಕಳಿಸಿದಳು. ಕಲಾವಿದೆ ಸ್ವತಃ ಒಪ್ಪಿದ್ದಾರೆ ಎಂದಿರಿ. ನಿಜ, ಒಪ್ಪಿದ್ದಾರೆ. ನಿಮ್ಮವರು ಹೂಗುಚ್ಛ ಹಿಡಿದು ಬಂದು "ಬರ್ತೀರಲ್ಲಾ ಮೇಡಂ?" ಎಂದಾಗಲೆಲ್ಲ ಹುಡುಗಿಯಂತೆ ಕೆನ್ನೆ ಕೆಂಪಾಗಿಸಿಕೊಂಡು "ಅಯ್ಯೋ, ಬರದೇ ಇರ್ತೀನಾ" ಎನ್ನುತ್ತಾರೆ. ಬಂದವರು ಗೇಟು ದಾಟುವ ಮೊದಲೇ ಮಿರ್ತಾಳನ್ನು ಕೇಳುತ್ತಾರೆ: "ಯಾರೇ ಅವರು? ಯಾರಾದ್ರೂ ತೀರ್ಕೊಂಡ್ರಾ? ಹೂವು ತಂದಿದ್ದಾರೆ."

ಈಗ ನನ್ನ ಕಣ್ಣೆದುರು ನಡೆದದ್ದನ್ನು ಹೇಳುತ್ತೇನೆ. ಮೂರನೆಯ ಕಂತಿನ ನಂತರ ಊರಿಗೆ ಅಭಿಮಾನಿಗಳ ದಂಡು ಬರತೊಡಗಿತು, ದೋಣಿಕಾರನ ಹಾಗೆ ಕಪ್ಪು ಟೊಪ್ಪಿಗೆ ಹಾಕಿಕೊಂಡು. ಹೋದ ಗುರುವಾರ ಮಧ್ಯಾಹ್ನ, ಊರೆಲ್ಲ ಊಟ ಮಾಡಿ ಮಲಗಿದ್ದ ಹೊತ್ತಿನಲ್ಲಿ, ಮಿರ್ತಾಳಿಗೂ ಒಂದು ಜೊಂಪು ಹತ್ತಿದಾಗ, ದೋನ್ಯಾ ನೆಲಿದಾ ಹೊರಗೆ ಬಂದಿದ್ದಾರೆ. ನಾನು ಚೌಕದ ಬೆಂಚಿನ ಮೇಲೆ ಮಾಟೆ ಕಷಾಯ ಹೀರುತ್ತ ಕೂತಿದ್ದೆ. ಎದುರು ಮೂಲೆಯಲ್ಲಿ ಅವರು ಟೊಪ್ಪಿಗೆಯ ದಂಪತಿಯನ್ನು ಏನೋ ಕೇಳುವುದು ಕಂಡಿತು. ಆ ಹೆಂಗಸು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು, ಕಣ್ಣು ತುಂಬಿ ಬಂದಿತ್ತು. ಗಂಡ ಫೋನು ಎತ್ತಿದ. ಇಬ್ಬರೂ ಒಟ್ಟಿಗೆ, ಪ್ರಾರ್ಥನೆಯ ಹಾಗೆ, "ನದಿಗೆ ಗೊತ್ತು" ಎಂದರು. ದೋನ್ಯಾ ನೆಲಿದಾ ಮರ್ಯಾದಸ್ಥರು. ಥ್ಯಾಂಕ್ಸ್ ಹೇಳಿ ಇಳಿಜಾರಿನ ಕಡೆ ತಿರುಗಿದರು.

ನಾನು ಎಲ್ಲವನ್ನೂ ಬೆಂಚಿನ ಮೇಲೇ ಬಿಟ್ಟು ಹಿಂದೆ ಓಡಿದೆ. ಅಷ್ಟರಲ್ಲಿ ಅವರು ಮತ್ತಿಬ್ಬರನ್ನು ಕೇಳಿ, ಅದೇ ಉತ್ತರ ಪಡೆದು, ದೋಣಿಗಟ್ಟೆಯ ಮೆಟ್ಟಿಲಿಳಿದಿದ್ದರು. ಅಣೆಕಟ್ಟಿನ ಬಾಗಿಲು ತೆರೆದಿದ್ದರಿಂದ ಹೊಳೆ ಕೆಂಪಗೆ ತುಂಬಿ ಮೇಲಿನ ಮೆಟ್ಟಿಲುಗಳವರೆಗೂ ಬಂದಿತ್ತು. ಅವರ ಚಪ್ಪಲಿ ನೀರಿನಲ್ಲಿ ಮುಳುಗಿತ್ತು. ನಾನು ತೋಳು ಹಿಡಿದೆ.

"ಬಿಡಮ್ಮಾ, ಹೊತ್ತಾಯ್ತು, ನಾನು ಮನೆಗೆ ಹೋಗ್ಬೇಕು."

"ಮನೆ ಈ ಕಡೆ ಅಲ್ಲ ದೋನ್ಯಾ ನೆಲಿದಾ. ನಾನು ರೊಮಿನಾ, ಪಕ್ಕದ್ಮನೆ."

"ಈ ಕಡೆನೇ. ಕೇಳ್ದೋರೆಲ್ಲ ಒಂದೇ ಮಾತು ಹೇಳಿದ್ರು. ಅಷ್ಟು ಜನ ಸುಳ್ಳು ಹೇಳ್ತಾರಾ?" ನೀರನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಅದೇನೋ, ಅಂಗಳದಲ್ಲಿ ನೀರು ನಿಂತಿದೆ. ಮಿರ್ತಾಗೆ ಗುಡಿಸೋಕೆ ಹೇಳ್ಬೇಕು."

ಮೇಲೆ ಕಟಕಟೆಗೆ ಒರಗಿ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಅವರ ಪಾಲಿಗೆ ಇದು ಮುಂದಿನ ಕಂತಿನ ತುಣುಕು. ಒಬ್ಬ ನನಗೆ, "ಏಯ್ ಹುಡುಗಿ, ಸ್ವಲ್ಪ ಪಕ್ಕಕ್ಕೆ ಸರಿ, ಅಡ್ಡ ಬರ್ತಿದೀಯ" ಎಂದ.

ಅವರನ್ನು ಮನೆ ಮುಟ್ಟಿಸಿ, ಒದ್ದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಮಿಲ್ಟನ್ ಅವರ ಅಂಗಡಿಗೆ ಹೋದೆ. ಎಲ್ಲವನ್ನೂ ತೊದಲುತ್ತ ಹೇಳಿದೆ.

"ಅಭಿನಯ ಕಣಮ್ಮಾ ಅದು," ಎಂದರು ಮೊದಲು. "ಅಷ್ಟು ಓದಿದ್ದೀಯ, ನಿನಗೂ ಬಿಡಿಸಿ ಹೇಳ್ಬೇಕಾ?"

ನಾನು ಚಪ್ಪಲಿಯನ್ನು ಅವರ ಕೌಂಟರಿನ ಮೇಲಿಟ್ಟೆ. ಮೊಳೆಗಳ ಡಬ್ಬಿಯ ಪಕ್ಕದಲ್ಲಿ ನೀರು ಹರಿಯಿತು. ಅವರು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಈಗೇನ್ಮಾಡೋದು? ಭಾನುವಾರಕ್ಕೆ ಬಸ್ಸುಗಳೆಲ್ಲ ಹೊರಟುಬಿಟ್ಟಿವೆ ಅನ್ಕೋ," ಎಂದರು.

ಹೌದು, ಹೊರಟಿವೆ. ನಿಮ್ಮ ಭಿತ್ತಿಪತ್ರ ಊರಿನ ಪ್ರತಿ ಗೋಡೆಯ ಮೇಲಿದೆ: 'ಆಕೆ ಕೇಳುತ್ತಾಳೆ. ಎಲ್ಲರೂ ಒಟ್ಟಾಗಿ ಉತ್ತರಿಸೋಣ.' ಹಿನ್ನೆಲೆಯಲ್ಲಿ ಅದೇ ಮೆಟ್ಟಿಲು. ಚಿತ್ರದಲ್ಲಿ ನೀರು ಇನ್ನೂ ಕೆಳಗಿದೆ. ಅದಾದ ಮೇಲೆ ಎಷ್ಟು ಏರಿದೆಯೆಂದು ನಿಮ್ಮವರು ಬಂದು ನೋಡಿದ್ದಾರೆಯೇ? ನಾಲ್ವರು ಹೇಳಿದ್ದಕ್ಕೇ ನೀರಿಗಿಳಿದವರು, ಸಾವಿರಾರು ಜನ ಹೇಳಿದರೆ ಎಷ್ಟು ದೂರ ಹೋಗಬಹುದು? ಅವರು ನಡೆಯತೊಡಗಿದಾಗ ಅದು ಕಥೆಯ ಭಾಗವಲ್ಲವೆಂದು ಆ ಜನರಲ್ಲಿ ಯಾರಿಗೆ, ಯಾವ ಹೊತ್ತಿಗೆ ಹೊಳೆಯುತ್ತದೆ? ಚಪ್ಪಾಳೆ ಮುಗಿದ ಮೇಲೆಯೇ?

ಅವರನ್ನು ಕರೆದೊಯ್ಯಲು ಕಾರು ಕಳಿಸಬೇಡಿ. ಆ ಮೆಟ್ಟಿಲ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಆ ದೃಶ್ಯವನ್ನು ಮತ್ತೆ ಪ್ರಸಾರ ಮಾಡಬೇಡಿ. ಆಕೆ ಬೀದಿಯಲ್ಲಿ ಕೇಳುತ್ತಿರುವುದು ಅಭಿನಯವಲ್ಲವೆಂದು ನಿಮ್ಮ ವಾಹಿನಿಯಲ್ಲೇ, ಧಾರಾವಾಹಿಗೆ ಮುಂಚೆ, ನೇರವಾದ ಮಾತಿನಲ್ಲಿ ಹೇಳಿ. ಸಂಗೀತ ಬೇಡ.

ನೀವು ಹೇಳದಿದ್ದರೆ, ಭಾನುವಾರ ಬರುವವರಿಗೆ ನಾನೇ ಹೇಳುತ್ತೇನೆ. ಆಕೆ ಕೇಳಿದರೆ ಕೊಡಬೇಕಾದ ಉತ್ತರ ಇದು, ದಯವಿಟ್ಟು ಬಾಯಿಪಾಠ ಮಾಡಿಕೊಳ್ಳಿ: "ಹೊಳೆಗೆ ಬೆನ್ನು ಹಾಕಿ, ದೋನ್ಯಾ ನೆಲಿದಾ. ಏರು ಹತ್ತಿ. ಬೇಕರಿ ದಾಟಿ ಬಲಕ್ಕೆ ತಿರುಗಿದರೆ ಹಸಿರು ಬಾಗಿಲು. ಒಳಗೆ ಮಿರ್ತಾ ಕಾಯ್ತಿದ್ದಾಳೆ." ಅಷ್ಟು ಹೇಳಿ ಅಲ್ಲೇ ನಿಲ್ಲಬೇಡಿ. ಫೋನು ಜೇಬಿಗೆ ಹಾಕಿ, ಕೈ ಹಿಡಿದು ಬಾಗಿಲವರೆಗೂ ಜೊತೆಗೆ ನಡೆಯಿರಿ.

ಇಂತಿ,
ನಿಮ್ಮ ಕಥಾಸ್ಪರ್ಧೆಯಿಂದ ಹಿಂದೆ ಸರಿಯುತ್ತಿರುವ,
ಹಸಿರು ಬಾಗಿಲಿನ ಪಕ್ಕದ ಮನೆಯ
ರೊಮಿನಾ ಪಿರಿಸ್